ಗಡಿಪದರದ ಗಣನೆ: ಸ್ತರೀಯ ಮತ್ತು ಪ್ರಕ್ಷುಬ್ಧ ಹರಿವುಗಳಿಗೆ ಸಂಖ್ಯಾತ್ಮಕ ವಿಧಾನಗಳು

ಗಾಳಿಯಾಗಲಿ ನೀರಾಗಲಿ ಘನವಸ್ತುವೊಂದರ ಮೈಸವರಿ ಹರಿಯುವಾಗ, ಆ ಮೈಗೆ ತಾಗಿದ ಕಣಗಳು ಚಲಿಸದೆ ನಿಂತಿರುತ್ತವೆ. ಅಲ್ಲಿಂದ ಕೆಲವು ಮಿಲಿಮೀಟರ್ ಆಚೆಗೆ ಹರಿವು ತನ್ನ ಪೂರ್ಣ ವೇಗದಲ್ಲಿರುತ್ತದೆ. ಸೊನ್ನೆಯಿಂದ ಪೂರ್ಣ ವೇಗಕ್ಕೆ ಏರುವ ಈ ತೆಳು ವಲಯವೇ ಗಡಿಪದರ. ಸೆಕೆಂಡಿಗೆ 30 ಮೀಟರ್ ವೇಗದ ಗಾಳಿಯಲ್ಲಿ ಚಪ್ಪಟೆ ಹಲಗೆಯೊಂದನ್ನು ಹರಿವಿನ ನೇರಕ್ಕೆ ಇಟ್ಟರೆ, ಮುಂದಂಚಿನಿಂದ 1 ಮೀಟರ್ ದೂರದಲ್ಲಿ ರೆನಾಲ್ಡ್ಸ್ ಸಂಖ್ಯೆ (ವೇಗ, ದೂರಗಳ ಗುಣಲಬ್ಧವನ್ನು ಚಲನ ಸ್ನಿಗ್ಧತೆಯಿಂದ ಭಾಗಿಸಿದ್ದು) ಸುಮಾರು 20 ಲಕ್ಷ. ಅಲ್ಲಿಯವರೆಗೂ ಹರಿವು ಸ್ತರೀಯವಾಗಿಯೇ, ಅಂದರೆ ಪದರ ಪದರವಾಗಿ ಕಲಕದೆ ಉಳಿದಿದ್ದರೆ ಗಡಿಪದರದ ದಪ್ಪ ಸುಮಾರು 3.5 ಮಿಲಿಮೀಟರ್. ಮೊದಲಿನಿಂದಲೇ ಪ್ರಕ್ಷುಬ್ಧವಾಗಿದ್ದರೆ ಸುಮಾರು 20 ಮಿಲಿಮೀಟರ್. ಆ ಜಾಗದಲ್ಲಿ ಗಾಳಿ ಹಲಗೆಯನ್ನು ಎಳೆಯುವ ಘರ್ಷಣೆಯಂತೂ ಎರಡನೆಯ ಸ್ಥಿತಿಯಲ್ಲಿ ಮೊದಲನೆಯದರ ಏಳು ಪಟ್ಟು. ವಿಮಾನದ ರೆಕ್ಕೆ, ಹಡಗಿನ ತಳ, ಟರ್ಬೈನಿನ ಅಲಗು ಇವುಗಳಲ್ಲಿ ಯಾವುದರ ವಿನ್ಯಾಸಕ್ಕೆ ಕೈಹಾಕಿದರೂ ಮಿಲಿಮೀಟರುಗಳಲ್ಲಿ ಅಳೆಯುವ ಈ ಪದರವನ್ನು ಲೆಕ್ಕಹಾಕದೆ ಗತಿಯಿಲ್ಲ.

ಲೆಕ್ಕಕ್ಕೆ ಬೇಕಾದ ಸಮೀಕರಣಗಳನ್ನು ಲುಡ್ವಿಗ್ ಪ್ರಾಂಟ್ಲ್ 1904ರ ಆಗಸ್ಟ್‌ನಲ್ಲಿ ಹೈಡೆಲ್‌ಬರ್ಗ್‌ನ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಮಂಡಿಸಿದರು. ಪದರ ತೆಳುವಾಗಿರುವುದರಿಂದ ಅದರ ಅಡ್ಡಕ್ಕೆ ಒತ್ತಡ ಬದಲಾಗುವುದಿಲ್ಲ. ಹೊರಗಿನ ಹರಿವು ಹೇರಿದ ಒತ್ತಡವೇ ಗೋಡೆಯವರೆಗೂ, ಅಂದರೆ ಘನವಸ್ತುವಿನ ಮೈವರೆಗೂ, ಇರುತ್ತದೆ. ಹರಿವಿನ ದಿಕ್ಕಿನಲ್ಲಿ ಸ್ನಿಗ್ಧತೆಯಿಂದಾಗುವ ಹರಡುವಿಕೆ ಅಡ್ಡದಿಕ್ಕಿನದರ ಮುಂದೆ ಗಣನೆಗೆ ಬಾರದಷ್ಟು ಚಿಕ್ಕದು. ಈ ಎರಡು ಮಾತುಗಳನ್ನು ಒಪ್ಪಿದರೆ ನೇವಿಯರ್-ಸ್ಟೋಕ್ಸ್ ಸಮೀಕರಣಗಳಿಂದ ಕೆಲವು ಪದಗಳು ಬಿದ್ದುಹೋಗುತ್ತವೆ. ಪದಗಳು ಕಡಿಮೆಯಾದದ್ದಕ್ಕಿಂತ ಸಮೀಕರಣದ ಬಗೆಯೇ ಬದಲಾದದ್ದು ಮುಖ್ಯ. ಮೂಲ ಸಮೀಕರಣಗಳಲ್ಲಿ ಕೆಳಹರಿವಿನ ಪ್ರತಿ ಬಿಂದುವೂ ಮೇಲ್ಹರಿವಿನ ಮೇಲೆ ಪ್ರಭಾವ ಬೀರುತ್ತದೆ. ಇಡೀ ಕ್ಷೇತ್ರವನ್ನು ಒಮ್ಮೆಗೇ ಬಿಡಿಸಬೇಕು. ಪ್ರಾಂಟ್ಲ್ ಸಮೀಕರಣಗಳು ಪರವಲಯ ಬಗೆಯವು. ಅಲ್ಲಿ ಸುದ್ದಿ ಕೆಳಮುಖವಾಗಿ ಮಾತ್ರ ಹೋಗುತ್ತದೆ. ಮಗ್ಗದಲ್ಲಿ ಹೊಕ್ಕೆಳೆಗಳನ್ನು ಒಂದೊಂದಾಗಿ ಹೊಡೆದು ಬಟ್ಟೆ ಬೆಳೆಸುವಂತೆ, ಮುಂದಂಚಿನಿಂದ ಹೊರಟು ಒಂದೊಂದೇ ಅಡ್ಡರೇಖೆಯನ್ನು ಮುಗಿಸುತ್ತ ಮುಂದೆ ಸಾಗಬಹುದು. ಮುಗಿದ ರೇಖೆಗೆ ಮರಳುವ ಅಗತ್ಯವಿಲ್ಲ. ಗಡಿಪದರದ ಗಣನಾ ವಿಧಾನಗಳ ಬಲವೆಲ್ಲ ಈ ಗುಣದಿಂದ ಬಂದದ್ದು. ಆ ಗುಣ ಕೈಕೊಟ್ಟಲ್ಲಿ ಅವು ಸೋಲುತ್ತವೆ.

ಮೊದಲ ಪರಿಹಾರ ಕೊಟ್ಟವರು ಪ್ರಾಂಟ್ಲ್ ಅವರ ವಿದ್ಯಾರ್ಥಿ ಹೈನ್ರಿಚ್ ಬ್ಲಾಸಿಯಸ್, 1908ರಲ್ಲಿ. ಚಪ್ಪಟೆ ಹಲಗೆಯ ಮೇಲೆ ವೇಗದ ಆಕಾರ ಎಲ್ಲ ಕಡೆಯೂ ಒಂದೇ, ದಪ್ಪ ಮಾತ್ರ ದೂರದ ವರ್ಗಮೂಲದಂತೆ ಬೆಳೆಯುತ್ತದೆ ಎಂಬುದನ್ನು ಗುರುತಿಸಿ ಅವರು ಆಂಶಿಕ ಅವಕಲ ಸಮೀಕರಣವನ್ನು ಮೂರನೆಯ ದರ್ಜೆಯ ಸಾಮಾನ್ಯ ಅವಕಲ ಸಮೀಕರಣಕ್ಕೆ ಇಳಿಸಿದರು. ಆದರೆ ಅದೂ ಅರೇಖೀಯ. ಮೂರು ಷರತ್ತುಗಳಲ್ಲಿ ಎರಡು ಗೋಡೆಯ ಬಳಿ, ಒಂದು ಅನಂತದಲ್ಲಿ. ಬ್ಲಾಸಿಯಸ್ ಗೋಡೆಯ ಕಡೆಯಿಂದ ಒಂದು ಘಾತಶ್ರೇಣಿಯನ್ನೂ ಹೊರಗಿನಿಂದ ಒಂದು ಸನ್ನಿಹಿತ ರೂಪವನ್ನೂ ಬರೆದು ನಡುವೆ ಬೆಸೆದರು. 1912ರಲ್ಲಿ ಟಾಪ್‌ಫರ್ ತೋರಿಸಿದ ಉಪಾಯ ಇದಕ್ಕಿಂತ ಸೊಗಸು. ಗೋಡೆಯ ಮೇಲೆ ಹರಿವಿನ ಫಲನದ ಎರಡನೆಯ ನಿಷ್ಪನ್ನ, ಅಂದರೆ ವೇಗದ ಏರಿಕೆ, ಗೊತ್ತಿಲ್ಲ ತಾನೆ? ಅದನ್ನು 1 ಎಂದೇ ಇಟ್ಟುಕೊಂಡು ರುಂಗೆ-ಕುಟ್ಟಾ ವಿಧಾನದಿಂದ ಹೊರಗಿನವರೆಗೆ ಲೆಕ್ಕ ಒಯ್ಯಬೇಕು. ಹೊರ ಅಂಚಿನಲ್ಲಿ ವೇಗ 1ರ ಬದಲು 2.0854 ಎಂದು ಬರುತ್ತದೆ. ಸಮೀಕರಣದಲ್ಲೇ ಇರುವ ಅಳತೆ ಬದಲಾವಣೆಯ ಸಮತೆಯನ್ನು ಬಳಸಿದರೆ, ಈ ಸಂಖ್ಯೆಯ ಒಂದೂವರೆ ಘಾತದ ವಿಲೋಮವೇ ಬೇಕಾಗಿದ್ದ ಬೆಲೆ: 0.33206. ಊಹಿಸಿ ತಿದ್ದುವ ತೊಂದರೆಯಿಲ್ಲದೆ ಒಂದೇ ಓಟಕ್ಕೆ ಉತ್ತರ ಸಿಗುತ್ತದೆ. ಸ್ಥಳೀಯ ಘರ್ಷಣಾಂಕವೆಂದರೆ 0.664ನ್ನು ರೆನಾಲ್ಡ್ಸ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು ಎಂಬ ಸೂತ್ರ ಇದರಿಂದ ಬಂದದ್ದೇ. ಇಂದಿಗೂ ಹೊಸ ಗಣಕ ಪ್ರೋಗ್ರಾಮನ್ನು ಒರೆಗೆ ಹಚ್ಚುವ ಮೊದಲ ಕಲ್ಲು ಅದು.

ಹೊರಗಿನ ವೇಗ ದೂರದ ಯಾವುದೋ ಘಾತದಂತೆ ಬದಲಾಗುವ ಹರಿವುಗಳಿಗೂ ಇದೇ ಬಗೆಯ ಸಾಮ್ಯರೂಪ ಉಂಟೆಂದು ಫಾಕ್ನರ್ ಮತ್ತು ಸ್ಕಾನ್ 1931ರಲ್ಲಿ ತೋರಿಸಿದರು. ಇಲ್ಲಿ ಟಾಪ್‌ಫರ್ ಉಪಾಯ ನಡೆಯದು; ಗೋಡೆಯ ಬೆಲೆಯನ್ನು ಊಹಿಸಿ, ಹೊರಗಿನ ಷರತ್ತಿಗೆ ಎಷ್ಟು ತಪ್ಪಿತೆಂದು ನೋಡಿ, ನ್ಯೂಟನ್ ಕ್ರಮದಿಂದ ಊಹೆಯನ್ನು ತಿದ್ದುವ ‘ಶೂಟಿಂಗ್’ ಬೇಕು. ಡಗ್ಲಾಸ್ ಹಾರ್ಟ್ರೀ 1937ರಲ್ಲಿ ಮ್ಯಾಂಚೆಸ್ಟರಿನ ಡಿಫರೆನ್ಷಿಯಲ್ ಅನಲೈಸರ್ ಎಂಬ ಯಾಂತ್ರಿಕ ಗಣಕದಿಂದ ಈ ಸಮೀಕರಣವನ್ನು ಬಿಡಿಸಿದರು. ಒತ್ತಡದ ಗುಣಕ −0.1988ಕ್ಕೆ ಇಳಿದಾಗ ಗೋಡೆಯ ಘರ್ಷಣೆ ಸೊನ್ನೆಯಾಗಿ ಹರಿವು ಬೇರ್ಪಡುವ ಅಂಚಿಗೆ ಬರುತ್ತದೆ. ಆ ಮಿತಿಯಿಂದ ಸೊನ್ನೆಯವರೆಗೆ ಎರಡು ಪರಿಹಾರಗಳಿವೆ, ಒಂದರಲ್ಲಿ ಗೋಡೆಯ ಬಳಿ ಹರಿವು ಹಿಮ್ಮುಖ ಎಂಬುದನ್ನು ಸ್ಟುವರ್ಟ್‌ಸನ್ 1954ರಲ್ಲಿ ಕಂಡರು. ಶೂಟಿಂಗ್ ಯಾವ ಪರಿಹಾರಕ್ಕೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮೊದಲ ಊಹೆ ನಿರ್ಧರಿಸುತ್ತದೆ. ಗಣಕ ಒಪ್ಪಿಕೊಂಡ ಉತ್ತರವೆಲ್ಲ ನಿಸರ್ಗ ಒಪ್ಪುವ ಉತ್ತರವಾಗಬೇಕಿಲ್ಲ.

ನಿಜವಾದ ರೆಕ್ಕೆಯ ಮೇಲೆ ಸಾಮ್ಯರೂಪ ಇರುವುದಿಲ್ಲ. ಗಣಕಗಳಿಲ್ಲದ ಕಾಲದಲ್ಲಿ ಎಂಜಿನಿಯರುಗಳು ನಂಬಿದ್ದು ಅನುಕಲ ವಿಧಾನಗಳನ್ನು. 1921ರಲ್ಲಿ ಕಾರ್ಮಾನ್ ಸಂವೇಗ ಸಮೀಕರಣವನ್ನು ಪದರದ ಪೂರ್ಣ ದಪ್ಪಕ್ಕೆ ಕೂಡಿಸಿ ಒಂದೇ ಸಾಮಾನ್ಯ ಅವಕಲ ಸಮೀಕರಣ ಪಡೆದರು. ಪೋಲ್‌ಹೌಸೆನ್ ಅದಕ್ಕೆ ನಾಲ್ಕನೆಯ ಘಾತದ ಬಹುಪದೋಕ್ತಿಯನ್ನು ವೇಗದ ಆಕಾರವಾಗಿ ಕೊಟ್ಟರು. ಚಪ್ಪಟೆ ಹಲಗೆಯಲ್ಲಿ ಅದು ಶೇಕಡಾ 3ರಷ್ಟೇ ತಪ್ಪುತ್ತದೆ. ಕಷ್ಟ ಬರುವುದು ವೇಗ ಕುಗ್ಗುವ ಹರಿವಿನಲ್ಲಿ. ಹೊರಗಿನ ವೇಗ ದೂರದೊಂದಿಗೆ ಸರಳರೇಖೆಯಲ್ಲಿ ಇಳಿಯುವ, ಹೊವಾರ್ತ್ 1938ರಲ್ಲಿ ಆರಿಸಿಕೊಂಡ ಹರಿವಿನಲ್ಲಿ ವೇಗ ಶೇಕಡಾ 12 ಕುಗ್ಗುವಷ್ಟರಲ್ಲಿ ಪದರ ಬೇರ್ಪಡುತ್ತದೆ. ಪೋಲ್‌ಹೌಸೆನ್ ವಿಧಾನ ಹೇಳುವುದು 15.6. ಥ್ವೇಟ್ಸ್ 1949ರಲ್ಲಿ ಬಹುಪದೋಕ್ತಿಯನ್ನು ಕೈಬಿಟ್ಟು, ಗೊತ್ತಿರುವ ಪರಿಹಾರಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಗುರುತಿಸಿ ನಡುವೆ ಒಂದು ಸರಳರೇಖೆ ಎಳೆದರು. ಆ ರೇಖೆಯಿಂದ ಸಿಗುವ ಉತ್ತರ 12.3, ಇಡೀ ಲೆಕ್ಕ ಹೊರಗಿನ ವೇಗದ ಐದನೆಯ ಘಾತವನ್ನು ಅನುಕಲಿಸುವುದರಲ್ಲಿ ಮುಗಿಯುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ವಿಧಾನ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಪರಿಮಿತ ವ್ಯತ್ಯಾಸ ವಿಧಾನದಲ್ಲಿ ವೇಗದ ಆಕಾರವನ್ನು ಊಹಿಸುವ ಕೆಲಸವೇ ಇಲ್ಲ. ಪದರವನ್ನು ಬಿಂದುಗಳ ಜಾಲವಾಗಿ ಕತ್ತರಿಸಿ, ನಿಷ್ಪನ್ನಗಳ ಜಾಗದಲ್ಲಿ ಪಕ್ಕದ ಬಿಂದುಗಳ ವ್ಯತ್ಯಾಸಗಳನ್ನು ಇಡಲಾಗುತ್ತದೆ. ಗೊತ್ತಿರುವ ರೇಖೆಯಿಂದ ಮುಂದಿನ ರೇಖೆಯ ಪ್ರತಿ ಬಿಂದುವನ್ನೂ ನೇರವಾಗಿ ಪಡೆಯುವ ವ್ಯಕ್ತ ವಿಧಾನ ಬರೆಯಲು ಸುಲಭ, ಬಳಸಲು ದುಬಾರಿ. ಅದರ ಹೆಜ್ಜೆ, ಸ್ಥಳೀಯ ವೇಗವನ್ನು ಅಡ್ಡ ಅಂತರದ ವರ್ಗದಿಂದ ಗುಣಿಸಿ ಚಲನ ಸ್ನಿಗ್ಧತೆಯ ಎರಡರಷ್ಟರಿಂದ ಭಾಗಿಸಿದಾಗ ಬರುವ ಉದ್ದವನ್ನು ಮೀರಬಾರದು. ಮೀರಿದರೆ ಸಣ್ಣ ದೋಷಗಳು ಹಿಗ್ಗಿ ಉತ್ತರವನ್ನು ನುಂಗುತ್ತವೆ. ಮೊದಲು ಹೇಳಿದ ಹಲಗೆಯ ಸ್ತರೀಯ ಪದರವನ್ನು 50 ಭಾಗ ಮಾಡಿದರೆ ಗೋಡೆಗೆ ಹತ್ತಿರದ ಬಿಂದುವಿನಲ್ಲಿ ವೇಗ ಸೆಕೆಂಡಿಗೆ 1 ಮೀಟರಿನಷ್ಟೇ. ಅಲ್ಲಿ ಹೆಜ್ಜೆಯ ಮಿತಿ 0.16 ಮಿಲಿಮೀಟರ್. ಆ ದರದಲ್ಲಿ 1 ಮೀಟರ್ ಸಾಗಲು 6,000ಕ್ಕೂ ಹೆಚ್ಚು ಹೆಜ್ಜೆ ಬೇಕು. ಗೋಡೆಯ ಬಳಿ ವೇಗವೂ ಅಂತರದೊಂದಿಗೆ ಇಳಿಯುವುದರಿಂದ, ಅಡ್ಡ ಅಂತರವನ್ನು ಅರ್ಧಕ್ಕಿಳಿಸಿದರೆ ಹೆಜ್ಜೆಗಳು ಎಂಟು ಪಟ್ಟಾಗುತ್ತವೆ.

ಆದ್ದರಿಂದ ಅವ್ಯಕ್ತ ವಿಧಾನಗಳೇ ಗೆದ್ದವು. ಅವುಗಳಲ್ಲಿ ಹೊಸ ರೇಖೆಯ ಬಿಂದುಗಳೆಲ್ಲ ಒಂದಕ್ಕೊಂದು ಹೆಣೆದಿರುತ್ತವೆ. ಪ್ರತಿ ಹೆಜ್ಜೆಯಲ್ಲಿ ಸಮೀಕರಣಗಳ ಗುಂಪೊಂದನ್ನು ಬಿಡಿಸಬೇಕು, ಆದರೆ ಹೆಜ್ಜೆಯ ಉದ್ದಕ್ಕೆ ಸ್ಥಿರತೆಯ ಕಟ್ಟುಪಾಡಿಲ್ಲ. ಪ್ರತಿ ಬಿಂದುವಿಗೂ ಮೇಲಿನದು ಕೆಳಗಿನದು ಎರಡೇ ನೆರೆಯವು ಇರುವುದರಿಂದ ಗುಣಕಗಳ ಕೋಷ್ಟಕದಲ್ಲಿ ಮೂರು ಕರ್ಣಗಳು ಮಾತ್ರ ತುಂಬಿರುತ್ತವೆ. ಥಾಮಸ್ ಕ್ರಮದಿಂದ ಒಮ್ಮೆ ಕೆಳಗಿಳಿದು ಒಮ್ಮೆ ಮೇಲೆ ಬಂದರೆ ಉತ್ತರ ಸಿದ್ಧ. ಶ್ರಮ ಬಿಂದುಗಳ ಸಂಖ್ಯೆಗೆ ನೇರ ಅನುಪಾತದಲ್ಲಿರುತ್ತದೆ. ಉಷ್ಣವಹನಕ್ಕಾಗಿ 1947ರಲ್ಲಿ ಬಂದ ಕ್ರ್ಯಾಂಕ್-ನಿಕೊಲ್ಸನ್ ಸೂತ್ರ ಎರಡನೆಯ ದರ್ಜೆಯ ನಿಖರತೆ ಕೊಡುತ್ತದೆಯಾದರೂ ಆರಂಭದ ರೇಖೆಯಲ್ಲಿ ಒರಟಿದ್ದರೆ ಅದನ್ನು ಬೇಗ ಅಳಿಸುವುದಿಲ್ಲ. ಉತ್ತರ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ತೂಗಾಡುತ್ತದೆ. ಮೊದಲ ಕೆಲವು ಹೆಜ್ಜೆಗಳನ್ನು ಪೂರ್ಣ ಅವ್ಯಕ್ತವಾಗಿ ಇಟ್ಟು ಬಳಿಕ ಇದಕ್ಕೆ ಹೊರಳುವುದು ಅನುಭವಸ್ಥರ ರೂಢಿ.

ಹರ್ಬರ್ಟ್ ಕೆಲ್ಲರ್ 1970ರಲ್ಲಿ ಮುಂದಿಟ್ಟ ‘ಬಾಕ್ಸ್’ ವಿಧಾನವನ್ನು ಇಲ್ಲಿ ಬಿಡಿಸಿ ಹೇಳಬೇಕು. ಅದು ಮೂರನೆಯ ದರ್ಜೆಯ ಸಮೀಕರಣವನ್ನು ಮೊದಲ ದರ್ಜೆಯ ಮೂರು ಸಮೀಕರಣಗಳಾಗಿ ಒಡೆಯುತ್ತದೆ: ಹರಿವಿನ ಫಲನ, ವೇಗ, ವೇಗದ ಏರಿಕೆ ಮೂರೂ ಅಜ್ಞಾತಗಳೇ. ನಿಷ್ಪನ್ನಗಳನ್ನು ಜಾಲದ ಪ್ರತಿ ಚೌಕದ ನಡುಬಿಂದುವಿಗೆ ಬರೆಯಲಾಗುತ್ತದೆ. ಮೂರನೆಯ ನೆರೆಬಿಂದುವಿನ ಹಂಗಿಲ್ಲದ್ದರಿಂದ ಅಂತರಗಳು ಹೇಗೆ ಬದಲಾದರೂ ಎರಡನೆಯ ದರ್ಜೆಯ ನಿಖರತೆ ಕೆಡುವುದಿಲ್ಲ. ಅರೇಖೀಯ ಪದಗಳನ್ನು ನ್ಯೂಟನ್ ಕ್ರಮದಿಂದ ತಿದ್ದಲಾಗುತ್ತದೆ. ಹಿಂದಿನ ರೇಖೆಯ ಉತ್ತರವೇ ಒಳ್ಳೆಯ ಊಹೆಯಾಗಿರುವುದರಿಂದ ಕೆಲವೇ ಸುತ್ತುಗಳಲ್ಲಿ ಉತ್ತರ ನಿಲ್ಲುತ್ತದೆ. ಪ್ರತಿ ಸುತ್ತಿಗೂ ದೋಷ ತನ್ನ ವರ್ಗದಷ್ಟಕ್ಕೆ ಇಳಿಯಬೇಕು. ಹಾಗೆ ಇಳಿಯದಿದ್ದರೆ ಪ್ರೋಗ್ರಾಮಿನಲ್ಲಿ ಎಲ್ಲೋ ನಿಷ್ಪನ್ನವೊಂದು ತಪ್ಪಿದೆ ಎಂದೇ ಅರ್ಥ. ತಪ್ಪು ಹುಡುಕುವವರಿಗೆ ಇದಕ್ಕಿಂತ ನೆಚ್ಚಿನ ಗುರುತಿಲ್ಲ. ಗೋಡೆಯ ಘರ್ಷಣೆ ಅಜ್ಞಾತಗಳಲ್ಲಿ ಒಂದಾಗಿಯೇ ಬರುವುದರಿಂದ ಅದನ್ನು ಕೊನೆಗೆ ವ್ಯತ್ಯಾಸ ತೆಗೆದು ಅಂದಾಜಿಸುವ ಪ್ರಮೇಯವೂ ಇಲ್ಲ. ಟುಂಜರ್ ಸೆಬೆಚಿ ಮತ್ತು ಅವರ ಸಂಗಡಿಗರು ಈ ವಿಧಾನವನ್ನು ಪ್ರಕ್ಷುಬ್ಧ ಪದರಗಳಿಗೂ ವಿಮಾನದ ರೆಕ್ಕೆಗಳಿಗೂ ಒಯ್ದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸುಹಾಸ್ ಪಾಟಣಕರ್ ಮತ್ತು ಬ್ರಯಾನ್ ಸ್ಪಾಲ್ಡಿಂಗ್ 1967ರಲ್ಲಿ ಪ್ರಕಟಿಸಿದ್ದು ಬೇರೆ ದಾರಿ: ಅಡ್ಡದೂರದ ಬದಲು ಹರಿವಿನ ಫಲನವನ್ನೇ ಅಳತೆಗೋಲಾಗಿಸಿ, ಪದರ ದಪ್ಪವಾದಂತೆ ಜಾಲವೂ ತಾನಾಗಿ ಹಿಗ್ಗುವಂತೆ ಮಾಡಿದರು.

ಇಷ್ಟೆಲ್ಲ ಸ್ತರೀಯ ಹರಿವಿಗೆ ಸಾಕು. ಅಲ್ಲಿ ಸಮೀಕರಣ ಗೊತ್ತಿದೆ. ಜಾಲವನ್ನು ಸೂಕ್ಷ್ಮಗೊಳಿಸುತ್ತ ಹೋದರೆ ಉತ್ತರ ನಿಜದ ಕಡೆಗೇ ಹೋಗುತ್ತದೆ. ಪ್ರಕ್ಷುಬ್ಧ ಹರಿವಿನಲ್ಲಿ ಆ ಭರವಸೆಯಿಲ್ಲ. ಆಸ್ಬೋರ್ನ್ ರೆನಾಲ್ಡ್ಸ್ 1895ರಲ್ಲಿ ಮಾಡಿದಂತೆ ವೇಗವನ್ನು ಸರಾಸರಿ ಮತ್ತು ಏರಿಳಿತ ಎಂದು ಒಡೆದರೆ, ಏರಿಳಿತಗಳ ಗುಣಲಬ್ಧದ ಸರಾಸರಿಯೊಂದು ಸಮೀಕರಣದಲ್ಲಿ ಉಳಿದುಕೊಳ್ಳುತ್ತದೆ. ಅದೇ ರೆನಾಲ್ಡ್ಸ್ ಸ್ಟ್ರೆಸ್. ಅದಕ್ಕೊಂದು ಸಮೀಕರಣ ಬರೆದರೆ ಇನ್ನೂ ಹೊಸ ಅಜ್ಞಾತಗಳು ಹುಟ್ಟುತ್ತವೆ. ಎಲ್ಲೋ ಒಂದು ಕಡೆ ಊಹೆಯಿಂದ ಬಾಗಿಲು ಮುಚ್ಚಲೇಬೇಕು. ಅಲ್ಲಿಂದ ಮುಂದೆ ದೋಷಕ್ಕೆ ಎರಡು ಖಾತೆಗಳು: ಒಂದು ಅಂಕಗಣಿತದ್ದು, ಇನ್ನೊಂದು ಊಹೆಯದ್ದು. ಜಾಲ ಸೂಕ್ಷ್ಮವಾದಂತೆ ಮೊದಲನೆಯದು ಕರಗುತ್ತದೆ, ಎರಡನೆಯದು ಹಾಗೆಯೇ ನಿಲ್ಲುತ್ತದೆ. ಒರಟು ಜಾಲದ ಮೇಲೆ ಈ ಎರಡೂ ಒಂದನ್ನೊಂದು ಹೊಡೆದುಹಾಕಿ ಪ್ರಯೋಗಕ್ಕೆ ಚೆನ್ನಾಗಿ ಹೊಂದುವ ಉತ್ತರ ಬರುವುದುಂಟು. ಅಂಥ ಹೊಂದಾಣಿಕೆಗೆ ಬೆಲೆಯಿಲ್ಲ.

ಬಹುಕಾಲ ಬಳಕೆಯಲ್ಲಿರುವ ಊಹೆ, ಸುಳಿಗಳು ಸ್ನಿಗ್ಧತೆಯನ್ನು ಹೆಚ್ಚಿಸಿದಂತೆ ವರ್ತಿಸುತ್ತವೆ ಎಂಬುದು. ಇದು 1877ರಲ್ಲಿ ಬೂಸಿನೆಸ್ಕ್ ಹೇಳಿದ್ದು. ಆ ಸುಳಿ-ಸ್ನಿಗ್ಧತೆ ಎಷ್ಟು? ಪ್ರಾಂಟ್ಲ್ 1925ರಲ್ಲಿ ಅದನ್ನು ಮಿಶ್ರಣ ದೂರದ ವರ್ಗ ಮತ್ತು ವೇಗದ ಏರಿಕೆಯ ಗುಣಲಬ್ಧವೆಂದರು. ಗೋಡೆಯ ಬಳಿ ಮಿಶ್ರಣ ದೂರ ಗೋಡೆಯಿಂದಿರುವ ದೂರದ ಸುಮಾರು 0.4ರಷ್ಟು. ತೀರ ಹತ್ತಿರ ಗೋಡೆ ಏರಿಳಿತಗಳನ್ನು ಅದುಮಿಡುತ್ತದೆ. ಅದಕ್ಕೆ ವಾನ್ ಡ್ರೀಸ್ಟ್ 1956ರಲ್ಲಿ ಘಾತೀಯ ತಗ್ಗಿಸುವಿಕೆಯ ಪದವನ್ನು ಸೇರಿಸಿದರು, ಅದರ ಸ್ಥಿರಾಂಕ 26. ಹೊರಭಾಗದಲ್ಲಿ ಸುಳಿ-ಸ್ನಿಗ್ಧತೆ ಅಡ್ಡಕ್ಕೆ ಬದಲಾಗದೆ, ಹೊರಗಿನ ವೇಗ ಮತ್ತು ಸ್ಥಾನಪಲ್ಲಟ ದಪ್ಪದ (ಪದರ ಹೊರ ಹರಿವನ್ನು ಎಷ್ಟು ದೂರ ತಳ್ಳುತ್ತದೆ ಎಂಬ ಅಳತೆಯ) ಗುಣಲಬ್ಧದ 0.0168ರಷ್ಟು ಇರುತ್ತದೆ. ಒಳಗಿನದೂ ಹೊರಗಿನದೂ ಸಮನಾಗುವಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವುದೇ ಸೆಬೆಚಿ-ಸ್ಮಿತ್ ಮಾದರಿ. ಸ್ತರೀಯ ಪ್ರೋಗ್ರಾಮಿನಲ್ಲಿ ಸ್ನಿಗ್ಧತೆ ಬರುವ ಸಾಲನ್ನು ತಿದ್ದಿದರೆ ಪ್ರಕ್ಷುಬ್ಧ ಹರಿವಿನ ಪ್ರೋಗ್ರಾಮು ಆಯಿತು.

ತಿದ್ದಬೇಕಾದದ್ದು ಇನ್ನೊಂದಿದೆ, ಜಾಲ. ಮೇಲಿನ ಹಲಗೆಯ ಪ್ರಕ್ಷುಬ್ಧ ಪದರದಲ್ಲಿ ಗೋಡೆಯ ಬಳಿಯ ಸಹಜ ಉದ್ದಮಾನ 12 ಮೈಕ್ರೋಮೀಟರ್, ಪದರದ ದಪ್ಪ ಅದರ 1,600 ಪಟ್ಟಿಗೂ ಹೆಚ್ಚು. ಮೊದಲ ಬಿಂದು ಗೋಡೆಯಿಂದ ಒಂದು ಮಾನದಷ್ಟು ದೂರದಲ್ಲಿರಬೇಕು. ಸಮ ಅಂತರದಲ್ಲಿ ಇಟ್ಟರೆ 1,600 ಬಿಂದುಗಳಾದವು. ಪ್ರತಿ ಅಂತರವೂ ಹಿಂದಿನದಕ್ಕಿಂತ ಶೇಕಡಾ 10 ಹೆಚ್ಚಾಗುವಂತೆ ಗುಣೋತ್ತರ ಶ್ರೇಢಿಯಲ್ಲಿ ಜೋಡಿಸಿದರೆ 54 ಸಾಕು. ಬಾಕ್ಸ್ ವಿಧಾನ ಅಸಮ ಅಂತರಗಳನ್ನು ಸಹಿಸುವ ಗುಣಕ್ಕೆ ಬೆಲೆ ಬಂದದ್ದು ಇಲ್ಲಿಯೇ.

ಸುಳಿ-ಸ್ನಿಗ್ಧತೆ ಆಯಾ ಜಾಗದ ವೇಗದ ಏರಿಕೆಯನ್ನು ಮಾತ್ರ ನೋಡುತ್ತದೆ. ಪ್ರಕ್ಷುಬ್ಧತೆಗಾದರೋ ಮೇಲ್ಹರಿವಿನ ನೆನಪಿರುತ್ತದೆ. ಇದನ್ನು ಮನಗಂಡು ಬ್ರಾಡ್‌ಶಾ, ಫೆರಿಸ್, ಅಟ್‌ವೆಲ್ 1967ರಲ್ಲಿ ಪ್ರಕ್ಷುಬ್ಧ ಚಲನಶಕ್ತಿಯ ಸಮೀಕರಣವನ್ನೇ ರೆನಾಲ್ಡ್ಸ್ ಸ್ಟ್ರೆಸ್‌ನ ಸಮೀಕರಣವಾಗಿ ತಿರುಗಿಸಿದರು. ಹಾಗೆ ಮಾಡಿದಾಗ ಸಮೀಕರಣಗಳ ಗುಂಪು ಅತಿಪರವಲಯ ಬಗೆಯದಾಗಿ, ಶಬ್ದಾತೀತ ಹರಿವಿನ ಲೆಕ್ಕಕ್ಕೆ ಬಳಸುತ್ತಿದ್ದ ಲಕ್ಷಣರೇಖೆಗಳ ವಿಧಾನ ಇಲ್ಲಿಗೂ ಒದಗಿತು. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಸಮ್ಮೇಳನ ಎಲ್ಲ ವಿಧಾನಗಳನ್ನೂ ಒಂದೇ ಕಣಕ್ಕಿಳಿಸಿತು. ಕೋಲ್ಸ್ ಮತ್ತು ಹರ್ಸ್ಟ್ ಸೋಸಿ ಜೋಡಿಸಿದ ಪ್ರಯೋಗದ ಅಂಕಿಗಳನ್ನು ಮುಂದಿಟ್ಟುಕೊಂಡು ಪ್ರತಿ ತಂಡವೂ ಅದೇ ಹರಿವುಗಳನ್ನು ಲೆಕ್ಕಹಾಕಬೇಕಿತ್ತು. ಚೆನ್ನಾದ ಅನುಕಲ ವಿಧಾನಗಳು ಚೆನ್ನಾದ ಅವಕಲ ವಿಧಾನಗಳಿಗೆ ಸರಿಸಾಟಿಯಾಗಿ ನಿಂತದ್ದು ಹಲವರಿಗೆ ಅನಿರೀಕ್ಷಿತ. ಆಮೇಲೆ ಜೋನ್ಸ್ ಮತ್ತು ಲಾಂಡರ್ 1972ರಲ್ಲಿ ತಂದ, ಪ್ರಕ್ಷುಬ್ಧ ಶಕ್ತಿಗೊಂದು ಅದರ ವ್ಯಯಕ್ಕೊಂದು ಸಮೀಕರಣವಿರುವ ಮಾದರಿ ಎಲ್ಲೆಡೆ ಹಬ್ಬಿತು. ಆದರೂ ಒತ್ತಡ ಏರುವ ಹರಿವಿನಲ್ಲಿ ಅದು ಘರ್ಷಣೆಯನ್ನು ಹೆಚ್ಚಾಗಿ ಹೇಳಿ ಬೇರ್ಪಡುವಿಕೆಯನ್ನು ಮುಂದೂಡುತ್ತದೆ. ಇದನ್ನು ತಿದ್ದಲು 1994ರಲ್ಲಿ ಮೆಂಟರ್ ಸ್ಟ್ರೆಸ್‌ಗೆ ಹಾಕಿದ ಮಿತಿ, ಪ್ರಕ್ಷುಬ್ಧ ಶಕ್ತಿಯನ್ನು ಸ್ಟ್ರೆಸ್‌ಗೆ ಜೋಡಿಸಿದ ಬ್ರಾಡ್‌ಶಾ ಬಳಗದ ಆ ಹಳೆಯ ಸಂಬಂಧದಿಂದಲೇ ಬಂದದ್ದು.

ಸ್ತರೀಯ ಪದರ ಪ್ರಕ್ಷುಬ್ಧವಾಗುವ ನಡುವಿನ ವಲಯದ ಲೆಕ್ಕದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸತೀಶ್ ಧವನ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಮೇಲ್ಮೈ ಘರ್ಷಣೆಯನ್ನು ನೇರವಾಗಿ ಅಳೆದು ಬಂದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರೂ ಅವರ ವಿದ್ಯಾರ್ಥಿ ರೊದ್ದಂ ನರಸಿಂಹ ಅವರೂ ಸಂಕ್ರಮಣ ವಲಯವನ್ನು ಅಳೆದು 1958ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಆಧಾರ. ಆ ವಲಯದ ಒಂದು ಬಿಂದುವಿನಲ್ಲಿ ಹರಿವು ಕೆಲಹೊತ್ತು ಸ್ತರೀಯ, ಕೆಲಹೊತ್ತು ಪ್ರಕ್ಷುಬ್ಧ. ಪ್ರಕ್ಷುಬ್ಧವಾಗಿರುವ ಕಾಲದ ಪಾಲೇ ಇಂಟರ್ಮಿಟೆನ್ಸಿ. ಎಮ್ಮನ್ಸ್ 1951ರಲ್ಲಿ ವಿವರಿಸಿದ ಪ್ರಕ್ಷುಬ್ಧ ಚುಕ್ಕೆಗಳು ಎಲ್ಲೆಂದರಲ್ಲಿ ಹುಟ್ಟದೆ ಒಂದು ಕಿರಿದಾದ ಪಟ್ಟಿಯಲ್ಲೇ ಹುಟ್ಟುತ್ತವೆ ಎಂಬುದು ನರಸಿಂಹ ಅವರ ಪ್ರತಿಪಾದನೆ. ಅದರಿಂದ ಬರುವ ಸೂತ್ರದಲ್ಲಿ, ಈ ಪಾಲು 0.25 ಮತ್ತು 0.75 ಆಗುವ ಎರಡು ಜಾಗಗಳ ನಡುವಿನ ದೂರವನ್ನು ಮಾನವಾಗಿಟ್ಟುಕೊಂಡರೆ, ಸಂಕ್ರಮಣದ ಮೊದಲಿನಿಂದ ಅಳೆದ ದೂರದ ವರ್ಗವನ್ನು 0.411ರಿಂದ ಗುಣಿಸಿದ್ದು ಘಾತೀಯ ಪದದ ಋಣ ಘಾತವಾಗುತ್ತದೆ. ಲೆಕ್ಕಹಾಕುವವರಿಗೆ ಇದರ ಅನುಕೂಲ ನೇರ: ಸ್ತರೀಯ ಪದರವನ್ನೂ, ಸಂಕ್ರಮಣದ ಬಿಂದುವಿನಲ್ಲಿ ಹುಟ್ಟಿತೆಂದು ಭಾವಿಸಿದ ಪ್ರಕ್ಷುಬ್ಧ ಪದರವನ್ನೂ ಬೇರೆಬೇರೆಯಾಗಿ ಬಿಡಿಸಿ, ಇಂಟರ್ಮಿಟೆನ್ಸಿಯ ತೂಕದಲ್ಲಿ ಬೆರೆಸಿದರೆ ಆಯಿತು. ಸಂಕ್ರಮಣ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಮಾತ್ರ ಈ ಸೂತ್ರ ಹೇಳದು. ಅದಕ್ಕೆ 1956ರಲ್ಲಿ ಸ್ಮಿತ್ ಮತ್ತು ವಾನ್ ಇಂಗೆನ್ ತಂದ ಕ್ರಮವಿದೆ; ಟೋಲ್‌ಮೀನ್-ಶ್ಲಿಕ್ಟಿಂಗ್ ಅಲೆಗಳ ವೈಶಾಲ್ಯ ಮೊದಲಿನದರ ಎಷ್ಟು ಪಟ್ಟು ಬೆಳೆಯಿತೆಂದು ಸ್ಥಿರತಾ ಸಮೀಕರಣದಿಂದ ಲೆಕ್ಕಹಾಕಿ, ಆ ಪಟ್ಟಿನ ಸಹಜ ಲಾಗರಿದಮ್ 9ರ ಆಸುಪಾಸಿಗೆ ಬಂದಾಗ ಸಂಕ್ರಮಣವಾಯಿತೆಂದು ಎಣಿಸುವುದು. 9 ಎಂಬುದು ಪ್ರಯೋಗದಿಂದ ಬಂದ ಸಂಖ್ಯೆ. ಗದ್ದಲದ ಗಾಳಿಸುರಂಗದಲ್ಲಿ ಅದು ಇನ್ನೂ ಇಳಿಯುತ್ತದೆ.

ಸಂಕ್ರಮಣ ಎದುರು ದಿಕ್ಕಿನಲ್ಲೂ ಸಾಧ್ಯ. ಪ್ರಕ್ಷುಬ್ಧ ಪದರ ತೀವ್ರವಾಗಿ ವೇಗೋತ್ಕರ್ಷಕ್ಕೆ ಒಳಗಾದರೆ ಸ್ತರೀಯದಂತೆ ವರ್ತಿಸತೊಡಗುತ್ತದೆ. ನರಸಿಂಹ ಮತ್ತು ಕೆ.ಆರ್. ಶ್ರೀನಿವಾಸನ್ 1973ರಲ್ಲಿ ತೋರಿಸಿದಂತೆ, ಅಲ್ಲಿ ರೆನಾಲ್ಡ್ಸ್ ಸ್ಟ್ರೆಸ್ ಅಳಿದುಹೋಗುವುದಿಲ್ಲ; ಒತ್ತಡದ ಬಲ ಅದನ್ನು ಮೀರಿ ಬೆಳೆದು ಲೆಕ್ಕದಿಂದ ಹೊರಗಿಡುತ್ತದೆ. ಹೊರಪದರಕ್ಕೆ ಸ್ನಿಗ್ಧತೆಯಿಲ್ಲದ ಸುಳಿಯುಕ್ತ ಹರಿವು, ಒಳಗೆ ಹೊಸದಾದ ತೆಳು ಸ್ತರೀಯ ಪದರ ಎಂದು ಎರಡಾಗಿ ಬಿಡಿಸಿದರೆ ಅಳತೆಗೆ ಹೊಂದುತ್ತದೆ. ಆಯಾ ಜಾಗದ ವೇಗದ ಏರಿಕೆಯಿಂದಲೇ ಸ್ಟ್ರೆಸ್ ಕಟ್ಟುವ ಮಾದರಿಗಳು ಎಡವುವುದು ಇಂಥಲ್ಲಿ.

ಬೇರ್ಪಡುವಿಕೆಯ ಕಷ್ಟವೇ ಬೇರೆ. ಒತ್ತಡವನ್ನು ಕೊಟ್ಟು ಮುಂದೆ ಸಾಗುವ ಯಾವ ಪ್ರೋಗ್ರಾಮೂ ಬೇರ್ಪಡುವ ಬಿಂದುವಿನ ಬಳಿ ಮುರಿದುಬೀಳುತ್ತದೆ. ಜಾಲ ಸೂಕ್ಷ್ಮಗೊಳಿಸಿದರೂ ಹೆಜ್ಜೆ ಕಿರಿದುಮಾಡಿದರೂ ಪ್ರಯೋಜನವಿಲ್ಲ. ಗೋಲ್ಡ್‌ಸ್ಟೈನ್ 1948ರಲ್ಲಿ ಕಾರಣ ಹೇಳಿದರು: ಅಲ್ಲಿ ಗೋಡೆಯ ಘರ್ಷಣೆ ಉಳಿದ ದೂರದ ವರ್ಗಮೂಲದಂತೆ ಸೊನ್ನೆಗೆ ಇಳಿಯುತ್ತದೆ, ಅಡ್ಡವೇಗ ಅನಂತಕ್ಕೆ ಏರುತ್ತದೆ, ಅದು ಸಮೀಕರಣದ್ದೇ ಗುಣ, ಅಂಕಗಣಿತದ ತಪ್ಪಲ್ಲ. ನಿಜವಾದ ಹರಿವಿನಲ್ಲಿ ದಪ್ಪವಾಗುತ್ತಿರುವ ಪದರ ಹೊರಗಿನ ಹರಿವನ್ನು ತಳ್ಳಿ ಒತ್ತಡವನ್ನೇ ಬದಲಿಸುತ್ತದೆ. ಒತ್ತಡವನ್ನು ಮೊದಲೇ ಗೊತ್ತುಮಾಡಿದವರು ಆ ಬಾಗಿಲನ್ನು ಮುಚ್ಚಿರುತ್ತಾರೆ. ಕ್ಯಾಥರಾಲ್ ಮತ್ತು ಮ್ಯಾಂಗ್ಲರ್ 1966ರಲ್ಲಿ ಪ್ರಶ್ನೆಯನ್ನು ತಿರುಗಿಸಿ ಸ್ಥಾನಪಲ್ಲಟ ದಪ್ಪವನ್ನು ಕೊಟ್ಟು ಒತ್ತಡವನ್ನು ಕೇಳಿದರು. ಲೆಕ್ಕ ಬೇರ್ಪಡುವ ಬಿಂದುವನ್ನು ಸರಾಗವಾಗಿ ದಾಟಿತು. ಆದರೆ ಆ ಬಿಂದುವಿನ ಆಚೆಗಿನ ಹಿಮ್ಮುಖ ಹರಿವಿನಲ್ಲಿ ಮುಂದೆ ಸಾಗುವುದೇ ಅಸ್ಥಿರ. ಅದಕ್ಕೆ ಪ್ರಾಂಟ್ಲ್ ಬಳಗದಿಂದ ಬಂದು ಸ್ಟ್ಯಾನ್‌ಫರ್ಡ್ ಸೇರಿದ್ದ ಇರ್ಮ್‌ಗಾರ್ಡ್ ಫ್ಲೂಗೆ-ಲೋಟ್ಸ್ ಅವರೂ ರೈನರ್ ಅವರೂ 1968ರಲ್ಲಿ ಒಂದು ಒರಟು ಮದ್ದು ಕೊಟ್ಟರು: ವೇಗ ಋಣವಾಗಿರುವಲ್ಲಿ ಹರಿವಿನ ದಿಕ್ಕಿನ ಸಾಗಣೆಯ ಪದವನ್ನು ಕೈಬಿಡುವುದು. ಹಿಮ್ಮುಖ ವೇಗ ಅತ್ಯಲ್ಪವಾಗಿದ್ದಷ್ಟು ಕಾಲ ಅದು ನಡೆಯುತ್ತದೆ.

ಮುಂದಿನ ಹೆಜ್ಜೆ ಒತ್ತಡ, ದಪ್ಪ ಎರಡನ್ನೂ ಅಜ್ಞಾತವಾಗಿಟ್ಟು ಒಳಗಿನ ಹೊರಗಿನ ಹರಿವುಗಳನ್ನು ಒಟ್ಟಿಗೆ ಬಿಡಿಸುವುದು. ವೆಲ್ಡ್‌ಮನ್ 1981ರಲ್ಲಿ ಗಡಿಪದರದ ಜೊತೆಗೆ ಹೊರ ಹರಿವಿನ ಸರಳೀಕೃತ ರೂಪವೊಂದನ್ನು ಬಿಡಿಸುವ ಅರೆ-ಏಕಕಾಲಿಕ ಕ್ರಮ ತಂದರು. ಮಾರ್ಕ್ ಡ್ರೇಲಾ 1980ರ ದಶಕದಲ್ಲಿ ಎಂಐಟಿಯಲ್ಲಿ ಬರೆದ ಎಕ್ಸ್‌ಫಾಯಿಲ್ ಪ್ರೋಗ್ರಾಮು ಎರಡೂ ಹರಿವುಗಳ ಸಮೀಕರಣಗಳನ್ನು ಒಂದೇ ನ್ಯೂಟನ್ ಸುತ್ತಿಗೆ ಹಾಕುತ್ತದೆ. ಅದರ ಒಳಗಿರುವ ಗಡಿಪದರದ ಲೆಕ್ಕ ಅನುಕಲ ಬಗೆಯದೇ. ಸಂಕ್ರಮಣಕ್ಕೆ ಆ 9ರ ಕ್ರಮ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ರೆಕ್ಕೆಯ ಅಡ್ಡಕೊಯ್ತವೊಂದರ ಲೆಕ್ಕ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಯಾವ ಮಾದರಿಯೂ ಇಲ್ಲದೆ ನೇವಿಯರ್-ಸ್ಟೋಕ್ಸ್ ಸಮೀಕರಣಗಳನ್ನೇ ನೇರವಾಗಿ ಬಿಡಿಸುವುದು ಸಾಧ್ಯವೆಂದು ಫಿಲಿಪ್ ಸ್ಪಾಲಾರ್ಟ್ 1988ರಲ್ಲಿ, ಸಂವೇಗ ದಪ್ಪದ ಮೇಲೆ ಎಣಿಸಿದ ರೆನಾಲ್ಡ್ಸ್ ಸಂಖ್ಯೆ 1,410ರವರೆಗಿನ ಚಪ್ಪಟೆ ಹಲಗೆಯ ಪದರಗಳಲ್ಲಿ ತೋರಿಸಿದರು. ವಿಮಾನದ ರೆಕ್ಕೆ ಅಲ್ಲಿಂದ ಬಹುದೂರ. 2012ರಲ್ಲಿ ಚೋಯ್ ಮತ್ತು ಮೊಯಿನ್ ಮಾಡಿದ ಅಂದಾಜಿನಂತೆ ರೆನಾಲ್ಡ್ಸ್ ಸಂಖ್ಯೆ ಇಮ್ಮಡಿಯಾದರೆ ನೇರ ಗಣನೆಗೆ ಬೇಕಾದ ಬಿಂದುಗಳು ಆರು ಪಟ್ಟಿಗೂ ಹೆಚ್ಚಾಗುತ್ತವೆ. ದೊಡ್ಡ ಸುಳಿಗಳನ್ನು ಮಾತ್ರ ಬಿಡಿಸಿ ಗೋಡೆಯವರೆಗೂ ಜಾಲವನ್ನು ಒಯ್ದರೆ ಮೂರೂವರೆ ಪಟ್ಟಿಗಿಂತ ತುಸು ಹೆಚ್ಚು. ಗೋಡೆಯ ಬಳಿಯ ಪದರಕ್ಕೆ ಮಾದರಿ ಬಳಸಿದರೆ ಎರಡೇ ಪಟ್ಟು. ಆ ಗೋಡೆ-ಮಾದರಿಗಳಲ್ಲಿ ಹಲವು, ಮಿಶ್ರಣ ದೂರವನ್ನೂ ವಾನ್ ಡ್ರೀಸ್ಟ್ ಪದವನ್ನೂ ಇಟ್ಟುಕೊಂಡು ಗಡಿಪದರದ ಸಮೀಕರಣವನ್ನೇ ಅಡ್ಡದಿಕ್ಕಿನ ಹಿಗ್ಗಿಸಿದ ಜಾಲದ ಮೇಲೆ ಪ್ರತಿ ಕಾಲಹೆಜ್ಜೆಯಲ್ಲಿ ಬಿಡಿಸಿ, ಗೋಡೆಯ ಘರ್ಷಣೆಯನ್ನು ಹೊರ ಲೆಕ್ಕಕ್ಕೆ ಕೊಡುತ್ತವೆ. ಹೊರ ಲೆಕ್ಕದ ಮೊದಲ ಕೋಶದಿಂದ ವೇಗವನ್ನು ಎತ್ತಿಕೊಂಡರೆ ಘರ್ಷಣೆ ತಪ್ಪುತ್ತದೆ, ಏಕೆಂದರೆ ಆ ಕೋಶದಲ್ಲಿ ಸುಳಿಗಳೇ ಸರಿಯಾಗಿ ಮೂಡಿರುವುದಿಲ್ಲ. ಕೆಲವು ಕೋಶ ಮೇಲಿನಿಂದ ವೇಗವನ್ನು ಪಡೆಯಬೇಕೆಂದು ಕವಾಯ್ ಮತ್ತು ಲಾರ್ಸನ್ 2012ರಲ್ಲಿ ತೋರಿಸಿದರು.